ಕೆಲಸವನ್ನು ಬಿಡದೆ ಉನ್ನತ ವಿದ್ಯೆ

ಹಿಂದಿನ ಕಾಲದಲ್ಲಿ ವಿದ್ಯೆಗೂ ಸಂಪಾದನೆಗೂ ನಡುವೆ ಸ್ಪಷ್ಟವಾದ ಗಡಿಯೊಂದಿದ್ದಿತು. ಬಡವರ ಮಕ್ಕಳು ವಾರಾನ್ನದ ಮನೆಗಳಲ್ಲಿ ಉಂಡು, ಬೀದಿಯ ದೀಪದ ಕೆಳಗೆ ಓದಿ, ಪರೀಕ್ಷೆ ಮುಗಿದ ಮೇಲೆ ನೌಕರಿಯನ್ನು ಅರಸುತ್ತಿದ್ದರು. ನೌಕರಿ ದೊರೆತೊಡನೆ ಪುಸ್ತಕಗಳು ಅಟ್ಟವನ್ನೇರುತ್ತಿದ್ದುವು. ಈಗಲಾದರೋ ಆ ಗಡಿಯು ಅಳಿಸಿಹೋಗುತ್ತಿದೆ. ವಾರವೆಲ್ಲ ಕಚೇರಿಯಲ್ಲಿಯೋ ಕಾರ್ಖಾನೆಯಲ್ಲಿಯೋ ದುಡಿದು, ತಿಂಗಳ ಸಂಬಳವನ್ನು ತಪ್ಪದೆ ಪಡೆಯುತ್ತ, ಅದೇ ಸಂಸ್ಥೆಯ ದ್ರವ್ಯಸಹಾಯದಿಂದ ಉನ್ನತ ಪದವಿಯನ್ನು ಗಳಿಸುವವರು ನಮ್ಮ ನೆರೆಹೊರೆಯಲ್ಲಿಯೇ ಇದ್ದಾರೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಇಂತಹ ಸಹಾಯವು ದಾನವಲ್ಲ, ಕರಾರು. ಅದಕ್ಕೆ ರುಜು ಹಾಕುವವರು ಒಬ್ಬರಾದರೂ ಅದನ್ನು ಸಲ್ಲಿಸತಕ್ಕದ್ದು ಇಡೀ ಸಂಸಾರ. ಆದುದರಿಂದ ಮನೆಯವರೆಲ್ಲರೂ ಕೂಡಿ ಕುಳಿತು ಇದನ್ನು ವಿಚಾರಮಾಡುವುದು ಯುಕ್ತ.

ಮೊದಲು, ಇರುವ ಮಾರ್ಗಗಳನ್ನು ನೋಡೋಣ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿಯೇ ಅಂಚೆಯ ಮೂಲಕ ಪಾಠ ಹೇಳುವ ಏರ್ಪಾಡನ್ನು ಮಾಡಿತು. ಅದರಿಂದಲೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಹುಟ್ಟಿತು. ಉಪಾಧ್ಯಾಯರೂ ಗುಮಾಸ್ತರೂ ಇದ್ದ ಊರಿನಲ್ಲಿಯೇ ಇದ್ದುಕೊಂಡು ಎಂ.ಎ. ಓದುವುದಕ್ಕೆ ಇದರಿಂದ ಅನುಕೂಲವಾಯಿತು. ಆದರೆ ಅಲ್ಲಿ ಖರ್ಚು ಸಾಮಾನ್ಯವಾಗಿ ಓದುವವರದೇ. ಉದ್ಯೋಗ ಕೊಟ್ಟವರೂ ಕೈಜೋಡಿಸುವ ಪದ್ಧತಿಗೆ ಒಳ್ಳೆಯ ನಿದರ್ಶನವು ರಾಜಸ್ಥಾನದ ಪಿಲಾನಿಯ ಬಿಟ್ಸ್ ವಿದ್ಯಾಸಂಸ್ಥೆಯು 1979ರಿಂದ ನಡೆಸಿಕೊಂಡು ಬಂದಿರುವ ಕ್ರಮ. ಇದರಲ್ಲಿ ದುಡಿಯುವ ಸ್ಥಳವೇ ಪ್ರಯೋಗಶಾಲೆ, ಪಾಠಗಳು ಬಹುಮಟ್ಟಿಗೆ ಶನಿವಾರ ಭಾನುವಾರಗಳಲ್ಲಿ, ಎಂ.ಟೆಕ್. ಪದವಿಗೆ ಸಾಮಾನ್ಯವಾಗಿ ನಾಲ್ಕು ಸೆಮಿಸ್ಟರುಗಳು. ಬೆಂಗಳೂರಿನ ವಿಪ್ರೊ ಸಂಸ್ಥೆಯು 1995ರಲ್ಲಿ ಇದೇ ವಿದ್ಯಾಸಂಸ್ಥೆಯೊಡನೆ ಸೇರಿ, ವಿಜ್ಞಾನದ ಪದವೀಧರರಾದ ತರುಣ ತರುಣಿಯರಿಗೆ ಕೆಲಸವನ್ನೂ ಕೊಟ್ಟು, ಸ್ನಾತಕೋತ್ತರ ವಿದ್ಯೆಯನ್ನೂ ಕೊಡಿಸುವ ಯೋಜನೆಯನ್ನು ಆರಂಭಿಸಿತು.

ಪಿಎಚ್.ಡಿ. ಪದವಿಯನ್ನು ಬಯಸುವವರಿಗೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2022ರ ನಿಯಮಗಳು ಅರೆಕಾಲಿಕ ವ್ಯಾಸಂಗಕ್ಕೆ ಎಡೆಗೊಟ್ಟಿವೆ. ಅದಕ್ಕೆ ಉದ್ಯೋಗ ಕೊಟ್ಟವರ ಒಪ್ಪಿಗೆಯ ಪತ್ರವು ಅಗತ್ಯ. ಸಂಶೋಧನೆಗೆ ಸಾಕಷ್ಟು ಕಾಲ ದೊರೆಯುವುದೆಂದೂ, ಬೇಕಾದಲ್ಲಿ ಪಾಠಗಳಿಗಾಗಿ ಕೆಲಸದಿಂದ ಬಿಡುವು ಕೊಡುವೆವೆಂದೂ ಅವರು ಬರೆದುಕೊಡಬೇಕು. ಈ ವ್ಯಾಸಂಗದ ಅವಧಿ ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಗರಿಷ್ಠ ಆರು ವರ್ಷ. ಸ್ತ್ರೀಯರಿಗೆ ಇನ್ನೆರಡು ವರ್ಷಗಳ ರಿಯಾಯಿತಿಯುಂಟು.

ಇನ್ನು ಹಣದ ವಿಚಾರ. ಶುಲ್ಕವನ್ನು ತೆತ್ತ ಸಂಸ್ಥೆಯು, ಕಲಿತವರು ಮರುದಿನವೇ ಬೇರೆಡೆಗೆ ಹೋಗಬಾರದೆಂದು ಬಯಸುವುದು ಸಹಜ. ಅದಕ್ಕಾಗಿಯೇ ಬಾಂಡ್ ಎಂದು ಹೇಳುವ ಮುಚ್ಚಳಿಕೆ. ಮೂರು ಲಕ್ಷ ರೂಪಾಯಿಗಳ ಶುಲ್ಕಕ್ಕೆ ಪ್ರತಿಯಾಗಿ ಮೂರು ವರ್ಷಗಳ ಸೇವೆಯೆಂದು ಬರೆದಿದೆಯೆಂದು ಇಟ್ಟುಕೊಳ್ಳೋಣ. ಒಂದು ವರ್ಷದ ಮೇಲೆ ಬಿಟ್ಟರೆ, ಸಲ್ಲಿಸಿದ ಸೇವೆಯನ್ನು ಕಳೆದು ಲೆಕ್ಕ ಮಾಡುವ ಕರಾರಿನಲ್ಲಿ ಎರಡು ಲಕ್ಷವನ್ನು ತೆರಬೇಕಾಗುವುದು. ಹಾಗೆ ಕಳೆಯದ ಕರಾರಿನಲ್ಲಿ ಮೂರು ಲಕ್ಷವನ್ನೂ! ಒಂದು ಸಾಲಿನ ಬರಹದಿಂದ ಲಕ್ಷ ರೂಪಾಯಿಯ ವ್ಯತ್ಯಾಸ. ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ಏನು, ಸಂಸ್ಥೆಯೇ ಕೆಲಸದಿಂದ ತೆಗೆದರೆ ಏನು, ಕಾಯಿಲೆಯೋ ಹೆರಿಗೆಯೋ ಬಂದು ಓದು ನಿಂತರೆ ಏನು, ಎಂಬುದನ್ನೂ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಬೇಕು.

“ಇಂತಹ ಕಾಗದಗಳು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ” ಎಂದು ಧೈರ್ಯ ಹೇಳುವವರುಂಟು. ಅದನ್ನು ನಂಬಿ ಕೂರಬಾರದು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ 2019ರಲ್ಲಿ ಬರೋಡಾ ಬ್ಯಾಂಕಿನಲ್ಲಿ ಲೀನವಾದ ವಿಜಯಾ ಬ್ಯಾಂಕಿನ ಒಂದು ಮೊಕದ್ದಮೆಯಲ್ಲಿ, ಮೂರು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟವರು ಎರಡು ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಅದು ವಿದ್ಯೆಯ ಖರ್ಚಿನ ಮೊಕದ್ದಮೆಯಲ್ಲ, ನೇಮಕದ ಷರತ್ತಿನದು. ಆದರೂ ರುಜುವಿಗೆ ಬೆಲೆಯಿದೆಯೆಂಬುದು ಅದರಿಂದ ತಿಳಿಯುತ್ತದೆ.

ಪದವಿಗೆ ಮಾನ್ಯತೆ ಉಂಟೋ ಇಲ್ಲವೋ ಎಂಬುದನ್ನು ಸಹ ಮುಂಚಿತವಾಗಿಯೇ ವಿಚಾರಿಸತಕ್ಕದ್ದು. ತಾಂತ್ರಿಕ ಶಿಕ್ಷಣ ಪರಿಷತ್ತಿನ ಒಪ್ಪಿಗೆಯಿಲ್ಲದೆ ನಾಲ್ಕು ಡೀಮ್ಡ್ ವಿಶ್ವವಿದ್ಯಾನಿಲಯಗಳು ದೂರಶಿಕ್ಷಣದಿಂದ ಕೊಟ್ಟಿದ್ದ ಇಂಜಿನಿಯರಿಂಗ್ ಪದವಿಗಳಿಗೆ, 2017ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ದೊಡ್ಡ ಪೆಟ್ಟು ಬಿದ್ದಿತು. ಅವುಗಳಲ್ಲಿ ಕೆಲವು ಪದವಿಗಳು ಮರುಪರೀಕ್ಷೆಯ ವರೆಗೆ ಅಮಾನತಾದುವು. ಆಮೇಲಿನವು ರದ್ದೇ ಆದುವು. ವರ್ಷಗಟ್ಟಲೆ ನಿದ್ರೆಗೆಟ್ಟು ಓದಿದವರ ಸಂಕಟವನ್ನು ವಾಚಕರೇ ಊಹಿಸಿಕೊಳ್ಳಬಹುದು.

ಎಲ್ಲಕ್ಕೂ ಮಿಗಿಲಾದದ್ದು ಕಾಲದ ಲೆಕ್ಕ. ವಾರಕ್ಕೆ ಇರುವುದು 168 ಗಂಟೆ. ಕೆಲಸಕ್ಕೆ 48, ಹೋಗಿಬರುವುದಕ್ಕೆ 12, ನಿದ್ರೆಗೆ 49, ಸ್ನಾನ ಊಟಾದಿಗಳಿಗೆ 21 ಎಂದರೆ 130 ಆಯಿತು. ಉಳಿದ 38ರಲ್ಲಿ ಓದಿಗೆ 15 ಗಂಟೆ ತೆಗೆದರೆ ಮಿಕ್ಕುವುದು 23. ಮಕ್ಕಳ ಪಾಠ, ಹಿರಿಯರ ಔಷಧೋಪಚಾರ, ಸಂತೆಯ ಸಾಮಾನು, ನಂಟರ ಮನೆಯ ಮದುವೆ ಮುಂಜಿ ಎಲ್ಲವೂ ಇದರೊಳಗೇ ಆಗಬೇಕು. ಶುಲ್ಕವನ್ನು ಸಂಸ್ಥೆ ಕೊಡಬಹುದು. ಈ 15 ಗಂಟೆಗಳನ್ನು ಕೊಡುವವರು ಮನೆಯವರೇ. ಗಂಡನು ಓದುವಾಗ ಹೆಂಡತಿಯು ಮನೆಯ ಭಾರವನ್ನು ಸದ್ದಿಲ್ಲದೆ ಹೊರುವುದು ನಮ್ಮಲ್ಲಿ ವಾಡಿಕೆ. ಓದುವವಳು ಸೊಸೆಯೋ ಹೆಂಡತಿಯೋ ಆದಾಗ ಮಾತ್ರ, ಅಡಿಗೆಯನ್ನೂ ಮುಗಿಸಿ ಆಮೇಲೆ ಪುಸ್ತಕ ಹಿಡಿಯಲಿ ಎನ್ನುವುದು ಯಾವ ನ್ಯಾಯ? ಭಾನುವಾರದ ಒಲೆಯನ್ನು ಯಾರು ಹಚ್ಚುವರು, ಮಗುವನ್ನು ಯಾರು ನೋಡಿಕೊಳ್ಳುವರು ಎಂಬುದು ಮೊದಲೇ ಇತ್ಯರ್ಥವಾಗಬೇಕು.

ಆದಕಾರಣ, ಸಹಾಯ ದೊರೆಯಿತೆಂದು ಹಿಗ್ಗಿ ಅಂದೇ ರುಜು ಹಾಕುವುದು ಬೇಡ. ಕಾಗದವನ್ನು ಮನೆಗೆ ತಂದು, ಎಲ್ಲರ ಮುಂದೆ ಓದಿ, ಮೂರು ಸಂಗತಿಗಳನ್ನು ನಿಶ್ಚಯಿಸಿಕೊಳ್ಳಿರಿ: ಪದವಿಗೆ ಮಾನ್ಯತೆಯುಂಟೇ, ಮುಚ್ಚಳಿಕೆಯ ವರ್ಷಗಳನ್ನು ಈ ಊರಿನಲ್ಲಿಯೇ ಕಳೆಯಲು ಸಮ್ಮತವೇ, ಮನೆಯ ಕೆಲಸದ ಹಂಚಿಕೆ ಹೇಗೆ? ಮೂರಕ್ಕೂ ನೆಮ್ಮದಿಯ ಉತ್ತರ ದೊರೆತರೆ ಧೈರ್ಯವಾಗಿ ಮುಂದುವರಿಯಬಹುದು. ಹಾಗೆ ಬಂದ ಪದವಿಯ ಪತ್ರದಲ್ಲಿ ಒಬ್ಬರ ಹೆಸರೇ ಅಚ್ಚಾಗಿದ್ದರೂ, ಅದರ ಮೇಲೆ ಮನೆಮಂದಿಗೆಲ್ಲ ಹಕ್ಕುಂಟು.