ಹಳೇ ಕಾಂಟೆಸ್ಸಾಗೆ ಹೊಸ ಇಂಜಿನ್: ನಂಬಿದ್ದೆಷ್ಟು, ನಿಜವೆಷ್ಟು?

ಬೆಂಗಳೂರು–ಪುಣೆ ಹೆದ್ದಾರಿ ಚಿತ್ರದುರ್ಗ ಜಿಲ್ಲೆಯ ಹಿರಿಯೂರಿನ ಆಸುಪಾಸಿನಲ್ಲಿ ಆದಿವಾಲವನ್ನು ಹಾದುಹೋಗುತ್ತದೆ. ಈಗ ಅದು ರಾಷ್ಟ್ರೀಯ ಹೆದ್ದಾರಿ 48; ಹಳಬರ ಬಾಯಲ್ಲಿ ಇನ್ನೂ ಎನ್‌ಎಚ್ 4. ಹಳೇ ಕಾರಿನ ಹುಚ್ಚು ಹಿಡಿದವರಿಗೆ ಇಂಥ ಅಗಲ ರಸ್ತೆ ಕಂಡರೆ ಒಂದೇ ಆಸೆ. ಮನೆಯ ಹಿಂದೆ ಟಾರ್ಪಾಲಿನಡಿ ನಿಂತಿರುವ ಅಂಬಾಸಿಡರನ್ನೋ ಕಾಂಟೆಸ್ಸಾವನ್ನೋ ಬಿಚ್ಚಿ, ಹೊಸ ಇಂಜಿನ್ ಕೂರಿಸಿ, ಒಂದು ಸಲ ಓಡಿಸಿ ನೋಡಬೇಕು. ಆಸೆ ಚೆನ್ನಾಗಿಯೇ ಇದೆ. ಆದರೆ ಅದರ ಸುತ್ತ ಹಬ್ಬಿರುವ ಮಾತುಗಳಲ್ಲಿ ಹೆಚ್ಚಿನವು ತಪ್ಪು.

ಮೊದಲನೆಯದು, ಕಾಂಟೆಸ್ಸಾ ಭಾರತದ ‘ಮಸಲ್ ಕಾರ್’ ಎಂಬುದು. ಉದ್ದನೆಯ ಮೂತಿ, ನಾಲ್ಕು ದುಂಡು ದೀಪ ನೋಡಿದರೆ ಹಾಗನ್ನಿಸುವುದು ಸಹಜ. ಆದರೆ ಹಿಂದುಸ್ತಾನ್ ಮೋಟಾರ್ಸ್ 1984ರಲ್ಲಿ ಅದನ್ನು ಮಾರುಕಟ್ಟೆಗೆ ತಂದಾಗ ಬಾನೆಟ್ಟಿನಡಿ ಇದ್ದದ್ದು 1.5 ಲೀಟರಿನ, ಸುಮಾರು 50 ಅಶ್ವಶಕ್ತಿಯ ಹಳೇ ಬ್ರಿಟಿಷ್ ವಿನ್ಯಾಸದ ಇಂಜಿನ್. ಮೈಕಟ್ಟು ಕೂಡ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರಿನದೇ. ಆಮೇಲೆ ಬಂದ ಇಸುಜು 1.8 ಲೀಟರ್ ಇಂಜಿನ್ ಕಾರಿಗೆ ಜೀವ ತುಂಬಿತು, ಶಕ್ತಿ 90ರ ಹತ್ತಿರಕ್ಕೆ ಏರಿತು. ಅಮೆರಿಕದ 1964ರ ಪಾಂಟಿಯಾಕ್ ಜಿಟಿಒ ಕಾರಿನದು 325 ಅಶ್ವಶಕ್ತಿ. ಕಾಂಟೆಸ್ಸಾ ಸುಖವಾಗಿ ಕೂತು ಹೋಗುವ ಗಂಭೀರ ಕಾರು, ಅದನ್ನು ಹಾಗೆಯೇ ಪ್ರೀತಿಸಬಹುದು.

‘ಹೊಸ ಇಂಜಿನ್ ಹಾಕಿದರೆ ರೆಸ್ಟೊಮಾಡ್ ಆಯಿತು’ ಎನ್ನುವುದು ಇದಕ್ಕಿಂತ ಅಪಾಯದ ನಂಬಿಕೆ. ಕಾರನ್ನು ಕಾರ್ಖಾನೆಯಿಂದ ಹೊರಬಂದಂತೆ ಮಾಡುವುದು ರೆಸ್ಟೋರೇಶನ್. ಹೊರರೂಪ ಹಳೆಯದಾಗಿಯೇ ಉಳಿದು ಒಳಗಿನದು ಇಂದಿನದಾದರೆ ರೆಸ್ಟೊಮಾಡ್. ಅಮೆರಿಕದಲ್ಲಿ ಇದೇ ದಾರಿಯ ಒಂದು ಕವಲಿಗೆ ‘ಪ್ರೊ ಟೂರಿಂಗ್’ ಎಂಬ ಹೆಸರಿದೆ. ಅಲ್ಲಿ ಕಾರು ಓಡಿದರಷ್ಟೇ ಸಾಲದು. ತಿರುವಿನಲ್ಲಿ ಹಿಡಿತ ಬಿಡಬಾರದು, ಚೆನ್ನಾಗಿ ನಿಲ್ಲಬೇಕು, ನಂಬರ್ ಪ್ಲೇಟ್ ಹಾಕಿಕೊಂಡು ದೂರದೂರಿಗೂ ಹೋಗಿಬರಬೇಕು.

ನಿಲ್ಲುವ ವಿಷಯಕ್ಕೇ ಬರೋಣ. ಪದ್ಮಿನಿ ಕಾರಿನಲ್ಲೂ ಹಳೇ ಅಂಬಾಸಿಡರುಗಳಲ್ಲೂ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ವೇಗ 50ರಿಂದ 100ಕ್ಕೇರಿದರೆ ಬ್ರೇಕು ಕರಗಿಸಬೇಕಾದ ಶಕ್ತಿ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಅಷ್ಟೂ ಶಾಖವಾಗಿ ಮುಚ್ಚಿದ ಡ್ರಮ್ಮಿನೊಳಗೆ ಸಿಕ್ಕಿಕೊಳ್ಳುತ್ತದೆ. ಕಾದ ಡ್ರಮ್ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ, ಲೈನರಿನ ಹಿಡಿತವೂ ತಗ್ಗುತ್ತದೆ. ಪೆಡಲ್ ತುಳಿದಷ್ಟೂ ಕೆಳಗಿಳಿಯುತ್ತದೆ, ಕಾರು ಮಾತ್ರ ಮುಂದಕ್ಕೇ ಹೋಗುತ್ತಿರುತ್ತದೆ. ಮುಂದೆ ಲಾರಿಯೊಂದು ಸರ್ವಿಸ್ ರಸ್ತೆಯಿಂದ ಹೆದ್ದಾರಿಗೆ ಹೊರಳಿದ್ದರೆ?

ಇದಕ್ಕೂ ಮೊದಲು ನೋಡಬೇಕಾದದ್ದು ತುಕ್ಕು. ಪದ್ಮಿನಿಗೂ ಅಂಬಾಸಿಡರಿಗೂ ಪ್ರತ್ಯೇಕ ಚಾಸಿ ಇಲ್ಲ. ಬಾಡಿಯೇ ಭಾರ ಹೊರುತ್ತದೆ. ಟಿಂಕರಿಂಗ್ ಬಲ್ಲವರು ಒಂದು ಚಿಕ್ಕ ಅಯಸ್ಕಾಂತ ಹಿಡಿದು ಬಾಗಿಲ ಕೆಳಗಿನ ಅಂಚಿನಗುಂಟ ಸವರುತ್ತಾರೆ. ಅದು ಅಂಟದೆ ಜಾರಿದ ಕಡೆ ಪೇಂಟಿನಡಿ ತಗಡಿಲ್ಲ, ಬರೀ ಪುಟ್ಟಿ ಇದೆ ಎಂದರ್ಥ. ಅಂಥ ಮೈಗೆ ಮೂರು ಪಟ್ಟು ಶಕ್ತಿಯ ಇಂಜಿನ್ ಕಟ್ಟುವುದು ಒಳಗಿದ್ದವರ ಜೀವದ ಜೊತೆ ಆಟವಾಡಿದಂತೆ.

‘ಕೆಲಸ ಮುಗಿಸಿ ಆಮೇಲೆ ಆರ್‌ಸಿಯಲ್ಲಿ ಬರೆಸಿದರಾಯಿತು’ ಎಂದು ಧೈರ್ಯ ಹೇಳುವವರಿದ್ದಾರೆ. ಹಾಗಾಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಕೇರಳದ ಪ್ರಕರಣವೊಂದರಲ್ಲಿ, ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆ, ಅಕ್ರಮವಾಗಿ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ಇಟ್ಟಿದೆ. ಬ್ರಿಟನ್ನಿನ ಲೆಕ್ಕ ಬೇರೆ. ಬಹಳಷ್ಟು ಬದಲಾದ ಕಾರು ಹಳೇ ನಂಬರ್ ಉಳಿಸಿಕೊಳ್ಳಲು ಅಲ್ಲಿ 2025ರವರೆಗೆ 8 ಅಂಕ ಗಳಿಸಬೇಕಿತ್ತು. ಮೂಲ ಚಾಸಿಗೆ 5 ಅಂಕವಿತ್ತು, ಇಂಜಿನ್ನಿಗೆ ಬರೀ 1. ವಿದೇಶದ ವಿಡಿಯೊ ನೋಡಿ ನಮ್ಮೂರ ಗ್ಯಾರೇಜಿನಲ್ಲಿ ಕೆಲಸ ಶುರು ಮಾಡುವವರು ಎಡವುವುದು ಇಲ್ಲಿಯೇ.

ಹಾಗಾದರೆ ವಿಂಟೇಜ್ ನಂಬರ್ ತೆಗೆದುಕೊಂಡರೆ? 2021ರ ನಿಯಮದಂತೆ ‘ವಿಎ’ ಅಕ್ಷರದ ಆ ಪ್ಲೇಟು ಸಿಗುವುದು 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನಕ್ಕೆ. ಹೊಸ ನೋಂದಣಿಗೆ 20,000 ರೂಪಾಯಿ. ರ‍್ಯಾಲಿ, ಪ್ರದರ್ಶನ, ಇಂಧನ, ರಿಪೇರಿಯಂಥ ಕೆಲಸಕ್ಕಷ್ಟೇ ರಸ್ತೆಗಿಳಿಸಬಹುದು, ದಿನಬಳಕೆಗೆ ಅಲ್ಲ. ಮೊದಲ ಕಾಂಟೆಸ್ಸಾಗೂ 2034ರವರೆಗೆ ಆ ಭಾಗ್ಯವಿಲ್ಲ.

ದಾರಿ ಪೂರ್ತಿ ಮುಚ್ಚಿಲ್ಲ. ಅನುಮತಿ ಪಡೆದು ಅದೇ ತಯಾರಕರ ಅದೇ ಬಗೆಯ ಇಂಜಿನ್ ಹಾಕಿಸಬಹುದು, ಬಣ್ಣ ಬದಲಿಸಬಹುದು. ಇಂಧನದ ಬಗೆ ಬದಲಿಸಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ಅನುಮೋದಿತ ಕಿಟ್ ಇದ್ದರೆ ಬ್ಯಾಟರಿಯಲ್ಲೂ ಓಡಿಸಬಹುದು. ಯಾವ ಬದಲಾವಣೆಯಾದರೂ ವಿಮಾ ಕಂಪನಿಗೆ ತಿಳಿಸಿರಬೇಕು. ಮುಚ್ಚಿಟ್ಟರೆ ಅಪಘಾತದ ದಿನ ಪರಿಹಾರ ಕೈತಪ್ಪಬಹುದು.

ಆದ್ದರಿಂದ ಹಳೇ ಕಾರಿನ ಮೇಲೆ ಕೈಯಿಡುವವರು ಗ್ಯಾರೇಜಿಗೆ ಮುಂಗಡ ಕೊಡುವ ಮುನ್ನ ಆರ್‌ಸಿ ಹಿಡಿದು ಚಿತ್ರದುರ್ಗದ ಆರ್‌ಟಿಒ ಕಚೇರಿಗೆ ಹೋಗಿಬರಲಿ. ಯಾವುದಕ್ಕೆ ಅನುಮತಿ ಸಿಗುತ್ತದೆಂದು ಅಲ್ಲಿ ಬರಹದಲ್ಲಿ ಕೇಳಿ ಪಡೆಯಲಿ. ತುಕ್ಕು ನೋಡಿಯಾದ ಮೇಲೆ ಕೆಲಸವನ್ನು ಬ್ರೇಕಿನಿಂದ ಶುರುಮಾಡಲಿ.