ಕೃತಕ ಬುದ್ಧಿಮತ್ತೆ: ಆರ್ಥಿಕತೆ, ಉದ್ಯಮಗಳು ಹಾಗೂ ರಾಷ್ಟ್ರಗಳ ಸ್ಪರ್ಧಾಸಾಮರ್ಥ್ಯ

1. ಪೀಠಿಕೆ

ಭಾಷೆಯನ್ನು ಗ್ರಹಿಸುವುದು, ಚಿತ್ರಗಳನ್ನು ಗುರುತಿಸುವುದು, ಮುನ್ಸೂಚನೆ ನೀಡುವುದು, ತಂತ್ರಾಂಶವನ್ನು ರಚಿಸುವುದು ಮುಂತಾದ ಕಾರ್ಯಗಳು ಮಾನವನ ಬುದ್ಧಿಶಕ್ತಿಯಿಂದ ಮಾತ್ರ ಸಾಧ್ಯವೆಂದು ಬಹುಕಾಲ ಭಾವಿಸಲಾಗಿತ್ತು. ಇಂತಹ ಕಾರ್ಯಗಳನ್ನು ಗಣಕಯಂತ್ರಗಳ ಮೂಲಕ ನೆರವೇರಿಸುವ ತಂತ್ರಜ್ಞಾನವನ್ನು ಕೃತಕ ಬುದ್ಧಿಮತ್ತೆ ಎಂದು ಕರೆಯಲಾಗುತ್ತದೆ. 1956ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ನಡೆದ ವಿಚಾರ ಸಂಕಿರಣದಿಂದ ಈ ಹೆಸರು ಬಳಕೆಗೆ ಬಂದಿತು. 2012ರಲ್ಲಿ ಚಿತ್ರಗಳನ್ನು ಗುರುತಿಸುವ ಕಾರ್ಯದಲ್ಲಿ ದೊರೆತ ಯಶಸ್ಸು, 2017ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ಟ್ರಾನ್ಸ್‌ಫಾರ್ಮರ್ ವಿಧಾನ ಹಾಗೂ 2022ರ ನವೆಂಬರ್‌ನಲ್ಲಿ ಸಾರ್ವಜನಿಕ ಬಳಕೆಗೆ ಬಂದ ಚಾಟ್‌ಜಿಪಿಟಿ, ಈ ಕ್ಷೇತ್ರದ ಮುಖ್ಯ ಘಟ್ಟಗಳಾಗಿವೆ.

ಈ ತಂತ್ರಜ್ಞಾನವು ಉದ್ಯಮಗಳನ್ನು ಹೇಗೆ ಮಾರ್ಪಡಿಸುತ್ತಿದೆ, ರಾಷ್ಟ್ರಗಳ ನಡುವಿನ ಸ್ಪರ್ಧೆ ಯಾವ ಅಂಶಗಳನ್ನು ಅವಲಂಬಿಸಿದೆ ಮತ್ತು ಕರ್ನಾಟಕಕ್ಕೆ ಇದು ಏಕೆ ಮುಖ್ಯ ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

2. ವಿದ್ಯುಚ್ಛಕ್ತಿಯ ಅನುಭವ

ಒಂದೇ ಉದ್ಯಮಕ್ಕೆ ಸೀಮಿತವಾಗದೆ ಎಲ್ಲ ಉದ್ಯಮಗಳಲ್ಲಿಯೂ ಬಳಕೆಯಾಗುವ ತಂತ್ರಜ್ಞಾನಗಳು ವಿರಳ. ಉಗಿಯಂತ್ರ ಮತ್ತು ವಿದ್ಯುಚ್ಛಕ್ತಿ ಅಂತಹವು. ಕೃತಕ ಬುದ್ಧಿಮತ್ತೆಯನ್ನೂ ಅರ್ಥಶಾಸ್ತ್ರಜ್ಞರು ಇದೇ ವರ್ಗಕ್ಕೆ ಸೇರಿಸುತ್ತಾರೆ.

1902ರಲ್ಲಿ ಶಿವನಸಮುದ್ರದ ಜಲವಿದ್ಯುದಾಗಾರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಪೂರೈಸಲಾಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪಗಳು ಬಂದವು. ಆದರೆ ವಿದ್ಯುತ್ತು ಲಭ್ಯವಾದ ಮಾತ್ರಕ್ಕೆ ಉತ್ಪಾದಕತೆ ಹೆಚ್ಚಲಿಲ್ಲ ಎಂಬುದನ್ನು ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್ ಅವರು 1990ರಲ್ಲಿ ತೋರಿಸಿಕೊಟ್ಟರು. ಅಮೆರಿಕದಲ್ಲಿ 1880ರ ದಶಕದಲ್ಲಿಯೇ ವಿದ್ಯುದಾಗಾರಗಳು ಆರಂಭವಾಗಿದ್ದರೂ, ಕಾರ್ಖಾನೆಗಳಲ್ಲಿ ಅದರ ಪೂರ್ಣ ಫಲ ದೊರೆತದ್ದು 1920ರ ದಶಕದಲ್ಲಿ. ಉಗಿಯಂತ್ರದ ಜಾಗದಲ್ಲಿ ವಿದ್ಯುತ್ ಮೋಟಾರನ್ನು ಇರಿಸಿದ್ದರಿಂದ ಹೆಚ್ಚಿನ ಲಾಭವಾಗಲಿಲ್ಲ. ಪ್ರತಿ ಯಂತ್ರಕ್ಕೂ ಪ್ರತ್ಯೇಕ ಮೋಟಾರು ಅಳವಡಿಸಿ, ಕಾರ್ಖಾನೆಯ ವಿನ್ಯಾಸವನ್ನೇ ಬದಲಿಸಿದ ನಂತರ ಲಾಭವಾಯಿತು. ಕೃತಕ ಬುದ್ಧಿಮತ್ತೆಯ ವಿಷಯದಲ್ಲಿಯೂ ಉಪಕರಣವನ್ನು ಖರೀದಿಸುವುದಕ್ಕಿಂತ ಕೆಲಸದ ಕ್ರಮವನ್ನು ಮರುರೂಪಿಸುವುದೇ ಮುಖ್ಯ ಹಾಗೂ ಕಷ್ಟಸಾಧ್ಯವಾದ ಕಾರ್ಯವಾಗಿದೆ.

3. ಉದ್ಯಮಗಳಲ್ಲಿನ ಬದಲಾವಣೆ

ಔಷಧ ಸಂಶೋಧನೆಯಲ್ಲಿ, ಪ್ರೋಟೀನ್‌ಗಳ ರಚನೆಯನ್ನು ಊಹಿಸುವ ಆಲ್ಫಾಫೋಲ್ಡ್ ವ್ಯವಸ್ಥೆಯು 20 ಕೋಟಿಗೂ ಅಧಿಕ ರಚನೆಗಳನ್ನು ಸಂಶೋಧಕರಿಗೆ ಒದಗಿಸಿದೆ. ಪ್ರಯೋಗಾಲಯದಲ್ಲಿ ಇಂತಹ ಒಂದು ರಚನೆಯನ್ನು ಕಂಡುಹಿಡಿಯಲು ಹಲವು ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಬೇಕಾಗುತ್ತಿದ್ದವು. ಈ ಸಾಧನೆಗಾಗಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರು 2024ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಸೇವಾ ಕ್ಷೇತ್ರದಲ್ಲಿ, ತಂತ್ರಾಂಶ ಸಂಸ್ಥೆಯೊಂದರ 5,000ಕ್ಕೂ ಅಧಿಕ ಗ್ರಾಹಕ ಸಹಾಯ ಸಿಬ್ಬಂದಿಯನ್ನು ಕುರಿತು 2023ರಲ್ಲಿ ಪ್ರಕಟವಾದ ಅಧ್ಯಯನವು ಗಮನಾರ್ಹವಾಗಿದೆ. ಕೃತಕ ಬುದ್ಧಿಮತ್ತೆಯ ನೆರವಿನಿಂದ ಅವರ ಉತ್ಪಾದಕತೆ ಸರಾಸರಿ ಶೇಕಡಾ 14ರಷ್ಟು ಹೆಚ್ಚಿತು. ಹೊಸಬರಲ್ಲಿ ಈ ಏರಿಕೆ ಶೇಕಡಾ 34ರಷ್ಟಿದ್ದರೆ, ನುರಿತವರಲ್ಲಿ ಅತ್ಯಲ್ಪವಾಗಿತ್ತು. ಅನುಭವಿಗಳ ಜ್ಞಾನವು ಯಂತ್ರದ ಮೂಲಕ ಹೊಸಬರಿಗೆ ದೊರೆತದ್ದು ಇದಕ್ಕೆ ಕಾರಣ. ಕಲಿಯುವವರಿಗೆ ಇದು ಅನುಕೂಲ. ಆದರೆ ಅನುಭವಕ್ಕೆ ಇದ್ದ ಬೆಲೆಯ ಪ್ರಶ್ನೆಯೂ ಇದರಿಂದ ಉದ್ಭವಿಸುತ್ತದೆ.

ಜಗತ್ತಿನ ಸುಮಾರು ಶೇಕಡಾ 40ರಷ್ಟು ಉದ್ಯೋಗಗಳು, ಮುಂದುವರಿದ ರಾಷ್ಟ್ರಗಳಲ್ಲಿ ಸುಮಾರು ಶೇಕಡಾ 60ರಷ್ಟು ಉದ್ಯೋಗಗಳು, ಈ ತಂತ್ರಜ್ಞಾನದ ಪ್ರಭಾವಕ್ಕೆ ಒಳಪಡುತ್ತವೆ ಎಂದು ಅಂತರರಾಷ್ಟ್ರೀಯ ಹಣಕಾಸು ನಿಧಿಯು 2024ರ ಜನವರಿಯಲ್ಲಿ ಅಂದಾಜಿಸಿತು. ಪ್ರಭಾವಕ್ಕೆ ಒಳಪಡುವುದೆಂದರೆ ಉದ್ಯೋಗ ನಾಶವೆಂದೇ ಅರ್ಥವಲ್ಲ. ಕೆಲವು ಕೆಲಸಗಳು ಸುಗಮವಾಗುತ್ತವೆ, ಕೆಲವಕ್ಕೆ ಬೇಡಿಕೆ ಕುಗ್ಗುತ್ತದೆ.

4. ರಾಷ್ಟ್ರಗಳ ಸ್ಪರ್ಧೆಯ ಆಧಾರಗಳು

ಈ ಕ್ಷೇತ್ರದಲ್ಲಿ ಒಂದು ರಾಷ್ಟ್ರದ ಸಾಮರ್ಥ್ಯವು ಮುಖ್ಯವಾಗಿ ಈ ಕೆಳಕಂಡ ನಾಲ್ಕು ಅಂಶಗಳನ್ನು ಅವಲಂಬಿಸಿದೆ.

(ಅ) ಗಣನ ಸಾಮರ್ಥ್ಯ: ಇದಕ್ಕೆ ಬೇಕಾದ ಚಿಪ್‌ಗಳ ವಿನ್ಯಾಸದಲ್ಲಿ ಅಮೆರಿಕದ ಎನ್ವಿಡಿಯಾ ಮುಂಚೂಣಿಯಲ್ಲಿದೆ. ಅವುಗಳ ತಯಾರಿಕೆ ಬಹುಪಾಲು ತೈವಾನಿನಲ್ಲಿ ನಡೆಯುತ್ತದೆ. ಅತ್ಯಾಧುನಿಕ ಚಿಪ್‌ಗಳನ್ನು ಮುದ್ರಿಸುವ ಯಂತ್ರಗಳನ್ನು ವಾಣಿಜ್ಯವಾಗಿ ಪೂರೈಸುತ್ತಿರುವುದು ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಸಂಸ್ಥೆಯೊಂದೇ. ಅಮೆರಿಕವು 2022ರ ಅಕ್ಟೋಬರ್‌ನಲ್ಲಿ ಚೀನಾಕ್ಕೆ ಇಂತಹ ಚಿಪ್‌ಗಳ ರಫ್ತನ್ನು ನಿರ್ಬಂಧಿಸಿದ್ದು, ಇವು ಈಗ ರಾಜತಾಂತ್ರಿಕ ಮಹತ್ವದ ವಸ್ತುಗಳಾಗಿವೆ ಎಂಬುದನ್ನು ತೋರಿಸುತ್ತದೆ.

(ಆ) ವಿದ್ಯುತ್: ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪ್ರಕಾರ 2024ರಲ್ಲಿ ದತ್ತಾಂಶ ಕೇಂದ್ರಗಳು ಜಗತ್ತಿನ ವಿದ್ಯುತ್ತಿನಲ್ಲಿ ಸುಮಾರು ಶೇಕಡಾ 1.5ರಷ್ಟನ್ನು ಬಳಸಿದವು. 2030ರ ವೇಳೆಗೆ ಈ ಬಳಕೆ ಇಮ್ಮಡಿಗೂ ಹೆಚ್ಚಾಗುವ ನಿರೀಕ್ಷೆಯಿದೆ.

(ಇ) ದತ್ತಾಂಶ: ಯಂತ್ರವು ಕಲಿಯುವುದು ಲಭ್ಯವಿರುವ ಪಠ್ಯ, ಧ್ವನಿ ಮತ್ತು ಚಿತ್ರಗಳಿಂದ.

(ಈ) ಪರಿಣತರು: 2025ರ ಜನವರಿಯಲ್ಲಿ ಚೀನಾದ ಡೀಪ್‌ಸೀಕ್ ಸಂಸ್ಥೆಯು ಕಡಿಮೆ ವೆಚ್ಚದ್ದೆಂದು ಹೇಳಲಾದ ಸಮರ್ಥ ಮಾದರಿಯನ್ನು ಬಿಡುಗಡೆ ಮಾಡಿತು. ಆ ತಿಂಗಳ 27ರಂದು ಎನ್ವಿಡಿಯಾದ ಮಾರುಕಟ್ಟೆ ಮೌಲ್ಯವು ಒಂದೇ ದಿನದಲ್ಲಿ 58,000 ಕೋಟಿ ಡಾಲರಿಗೂ ಅಧಿಕ ಕುಸಿಯಿತು. ಯಂತ್ರಗಳ ಕೊರತೆಯನ್ನು ಜಾಣ್ಮೆಯಿಂದ ಭಾಗಶಃ ತುಂಬಬಹುದೆಂಬುದು ಇದರಿಂದ ವ್ಯಕ್ತವಾಯಿತು.

5. ಕರ್ನಾಟಕದ ಸ್ಥಿತಿಗತಿ

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ಸ್ಥಾಪಿಸಿತು. 1997ರಲ್ಲಿ ಕರ್ನಾಟಕವು ಮಾಹಿತಿ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿತು. ನಂತರದ ವರ್ಷಗಳಲ್ಲಿ ಬೆಳೆದ ತಂತ್ರಾಂಶ ಸೇವಾ ಉದ್ಯಮವು ಬಹುಮಟ್ಟಿಗೆ ಒಂದು ಲೆಕ್ಕಾಚಾರದ ಮೇಲೆ ನಿಂತಿದೆ: ಎಷ್ಟು ಜನ, ಎಷ್ಟು ಗಂಟೆ ದುಡಿದರು ಎಂಬುದರ ಮೇಲೆ ವಿದೇಶಿ ಗ್ರಾಹಕರಿಂದ ಶುಲ್ಕ ಪಡೆಯುವುದು.

ಹತ್ತು ಜನರ ಕೆಲಸವನ್ನು ಯಂತ್ರದ ನೆರವಿನಿಂದ ಆರು ಜನ ಮುಗಿಸಿದಲ್ಲಿ, ಗಂಟೆಗಳ ಮೇಲಿನ ಶುಲ್ಕವು ಇಳಿಯುತ್ತದೆ. ಉಳಿತಾಯದಲ್ಲಿ ತಮಗೂ ಪಾಲು ಬೇಕೆಂದು ಗ್ರಾಹಕರು ಕೇಳುತ್ತಾರೆ. ಆದ್ದರಿಂದ ದುಡಿದ ಗಂಟೆಗಳಿಗೆ ಬದಲಾಗಿ ದೊರೆತ ಫಲಿತಾಂಶಕ್ಕೆ ಬೆಲೆ ನಿಗದಿಪಡಿಸುವ ಪದ್ಧತಿಗೆ ಉದ್ಯಮವು ಹೊರಳಬೇಕಾಗಿದೆ. ಸರಳ ಸಂಕೇತ ಬರವಣಿಗೆ ಮತ್ತು ತಂತ್ರಾಂಶ ಪರೀಕ್ಷೆ ಇದುವರೆಗೆ ಹೊಸ ಪದವೀಧರರ ಮೊದಲ ಉದ್ಯೋಗವಾಗಿದ್ದವು. ಹಾಸನ, ಕಲಬುರಗಿ, ದಾವಣಗೆರೆಗಳ ಎಂಜಿನಿಯರಿಂಗ್ ಕಾಲೇಜುಗಳಿಂದ ಬರುವ ಯುವಜನರು ಏರುತ್ತಿದ್ದ ಏಣಿಯ ಮೊದಲ ಮೆಟ್ಟಿಲು ಇದೇ ಆಗಿತ್ತು. ಈ ಮೆಟ್ಟಿಲು ಕಿರಿದಾದರೆ, ಮುಂದಿನ ಪರಿಣತರು ಎಲ್ಲಿ ತಯಾರಾಗಬೇಕೆಂಬುದು ಶಿಕ್ಷಣ ಸಂಸ್ಥೆಗಳು ಮತ್ತು ಉದ್ಯಮಗಳು ಜೊತೆಯಾಗಿ ಉತ್ತರಿಸಬೇಕಾದ ಪ್ರಶ್ನೆಯಾಗಿದೆ.

6. ಕನ್ನಡ ಭಾಷೆಯ ಪ್ರಶ್ನೆ

2011ರ ಜನಗಣತಿಯಂತೆ ಭಾರತದಲ್ಲಿ ಕನ್ನಡವನ್ನು ಮಾತೃಭಾಷೆಯಾಗಿ ಹೊಂದಿರುವವರು ಸುಮಾರು 4.37 ಕೋಟಿ. ಆದರೆ ಅಂತರ್ಜಾಲದಲ್ಲಿ ಕನ್ನಡದ ಪಠ್ಯವು ಈ ಸಂಖ್ಯೆಗೆ ಹೋಲಿಸಿದರೆ ಅತ್ಯಲ್ಪ. ಭಾಷಾ ಮಾದರಿಗಳು ಪಠ್ಯವನ್ನು ತುಣುಕುಗಳಾಗಿ ವಿಭಜಿಸಿ ಸಂಸ್ಕರಿಸುತ್ತವೆ. ಅನೇಕ ಮಾದರಿಗಳಲ್ಲಿ ಕನ್ನಡದ ವಾಕ್ಯವು ಅದೇ ಅರ್ಥದ ಇಂಗ್ಲಿಷ್ ವಾಕ್ಯಕ್ಕಿಂತ ಹೆಚ್ಚು ತುಣುಕುಗಳಾಗುವುದರಿಂದ, ವೆಚ್ಚ ಹೆಚ್ಚುತ್ತದೆ. ರೈತನಿಗೆ ಅಥವಾ ಸಣ್ಣ ವ್ಯಾಪಾರಿಗೆ ತನ್ನ ಭಾಷೆಯಲ್ಲಿ ಸೇವೆ ದೊರೆಯದಿದ್ದಲ್ಲಿ ಈ ತಂತ್ರಜ್ಞಾನದ ಲಾಭವು ಇಂಗ್ಲಿಷ್ ಬಲ್ಲವರಲ್ಲಿಯೇ ಉಳಿಯುತ್ತದೆ.

ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ಕೈಬರಹದ ದಾಖಲೆಗಳನ್ನು ಕನ್ನಡದಲ್ಲಿಯೇ ಕ್ರಮಬದ್ಧವಾಗಿ ನಮೂದಿಸಿದ್ದರಿಂದ ಆ ಯೋಜನೆ ಜನರನ್ನು ತಲುಪಿತು. ಇಂದಿಗೂ ಈ ಪಾಠ ಅನ್ವಯಿಸುತ್ತದೆ.

7. ಭಾರತದಲ್ಲಿ ಕೈಗೊಳ್ಳಲಾಗಿರುವ ಕ್ರಮಗಳು

• 2018ರ ಜೂನ್‌ನಲ್ಲಿ ನೀತಿ ಆಯೋಗವು ಕೃತಕ ಬುದ್ಧಿಮತ್ತೆಯ ರಾಷ್ಟ್ರೀಯ ಕಾರ್ಯತಂತ್ರದ ಚರ್ಚಾಪತ್ರವನ್ನು ಪ್ರಕಟಿಸಿತು.
• 2022ರ ಜುಲೈನಲ್ಲಿ ಭಾರತೀಯ ಭಾಷೆಗಳ ಅನುವಾದ ಹಾಗೂ ಧ್ವನಿಸೇವೆಗಾಗಿ ಭಾಷಿಣಿ ವೇದಿಕೆಯನ್ನು ಆರಂಭಿಸಲಾಯಿತು.
• 2024ರ ಮಾರ್ಚ್‌ನಲ್ಲಿ ಕೇಂದ್ರ ಸಚಿವ ಸಂಪುಟವು 10,300 ಕೋಟಿ ರೂಪಾಯಿಗಳಿಗೂ ಅಧಿಕ ಮೊತ್ತದ ಇಂಡಿಯಾ ಎಐ ಮಿಷನ್‌ಗೆ ಅನುಮೋದನೆ ನೀಡಿತು. ಆಗ 10,000 ಜಿ.ಪಿ.ಯು.ಗಳ ಗುರಿ ಹೊಂದಲಾಗಿತ್ತು. 2025ರ ಮೇ ವೇಳೆಗೆ ಈ ಸಂಖ್ಯೆ 34,000 ದಾಟಿತು.
• 2025ರ ಏಪ್ರಿಲ್‌ನಲ್ಲಿ ಸ್ವದೇಶಿ ಭಾಷಾ ಮಾದರಿಯ ನಿರ್ಮಾಣಕ್ಕಾಗಿ ಬೆಂಗಳೂರಿನ ಸರ್ವಂ ಎಐ ಸಂಸ್ಥೆಯನ್ನು ಆಯ್ಕೆ ಮಾಡಲಾಯಿತು.

8. ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

• ಯಂತ್ರವು ನೀಡುವ ಉತ್ತರವು ಸುಲಲಿತವಾಗಿದ್ದರೂ ತಪ್ಪಾಗಿರಬಹುದು. ಆರೋಗ್ಯ, ಕಾನೂನು ಮತ್ತು ಹಣಕಾಸಿನ ವಿಷಯಗಳಲ್ಲಿ ಮೂಲ ದಾಖಲೆಯನ್ನು ಅಥವಾ ತಜ್ಞರನ್ನು ಸಂಪರ್ಕಿಸಿ ಖಚಿತಪಡಿಸಿಕೊಳ್ಳತಕ್ಕದ್ದು.
• ಆಧಾರ್ ಸಂಖ್ಯೆ, ಬ್ಯಾಂಕ್ ವಿವರ ಮುಂತಾದ ವೈಯಕ್ತಿಕ ಮಾಹಿತಿಯನ್ನು ಇಂತಹ ಸೇವೆಗಳಲ್ಲಿ ನಮೂದಿಸಬಾರದು. ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ ಸಂಸತ್ತು 2023ರಲ್ಲಿ ಪ್ರತ್ಯೇಕ ಅಧಿನಿಯಮವನ್ನು ಅಂಗೀಕರಿಸಿದೆ.
• ವಿದ್ಯಾರ್ಥಿಗಳು ಉಪಕರಣದ ಬಳಕೆಯ ಜೊತೆಗೆ ಗಣಿತ, ಭಾಷೆ ಹಾಗೂ ತಮ್ಮ ವಿಷಯದ ಮೂಲಜ್ಞಾನವನ್ನು ಗಟ್ಟಿಗೊಳಿಸಿಕೊಳ್ಳುವುದು ಸೂಕ್ತ. ಯಂತ್ರದ ತಪ್ಪನ್ನು ಗುರುತಿಸಲು ಈ ಜ್ಞಾನವೇ ಆಧಾರ.

9. ಉಪಸಂಹಾರ

ಶಿವನಸಮುದ್ರದ ವಿದ್ಯುತ್ತು ಮೊದಲು ಗಣಿಗಳಿಗೆ, ನಂತರ ನಗರಕ್ಕೆ, ಬಹಳ ತಡವಾಗಿ ಹಳ್ಳಿಗಳಿಗೆ ತಲುಪಿತು. ಕೃತಕ ಬುದ್ಧಿಮತ್ತೆಯ ಪ್ರಯೋಜನವೂ ಹೀಗೆ ದಶಕಗಳ ಕಾಲ ಕೆಲವರಲ್ಲಿಯೇ ಉಳಿಯಬೇಕಿಲ್ಲ. ಯಂತ್ರಗಳನ್ನು ಹಣ ಕೊಟ್ಟು ತರಬಹುದು. ಸುಸಜ್ಜಿತ ಕನ್ನಡ ದತ್ತಾಂಶ, ತರಬೇತಿ ಪಡೆದ ಯುವಜನರು ಮತ್ತು ಕೆಲಸದ ಕ್ರಮವನ್ನು ಬದಲಿಸಿಕೊಳ್ಳುವ ಸಂಸ್ಥೆಗಳು ಇಲ್ಲಿಯೇ ರೂಪುಗೊಳ್ಳಬೇಕು. ನಾಡಿನ ಸ್ಪರ್ಧಾಸಾಮರ್ಥ್ಯವು ಮುಂದಿನ ದಿನಗಳಲ್ಲಿ ಮುಖ್ಯವಾಗಿ ಇವುಗಳನ್ನೇ ಅವಲಂಬಿಸಿರುತ್ತದೆ.