ಮೀನು, ಹಿಮ ಮತ್ತು ಮಲ್ಪೆಯ ಧಕ್ಕೆ

ಮೂಡಣ ಗುಡ್ಡಗಾಡಿನಿಂದ ಇಳಿದುಬರುವ ಉದ್ಯಾವರದ ಹೊಳೆಯು ಕಡಲು ಕಣ್ಣಿಗೆ ಬಿದ್ದೊಡನೆ ಅದನ್ನು ಸೇರಿಬಿಡುವುದಿಲ್ಲ. ಪಡುಕೆರೆಯ ಕಿರಿದಾದ ಮರಳ ಪಟ್ಟಿಯೊಂದನ್ನು ತನಗೂ ಸಮುದ್ರಕ್ಕೂ ನಡುವೆ ಇರಿಸಿಕೊಂಡು, ಬಡಗಣ ದಿಕ್ಕಿಗೆ ತಿರುಗಿ ಬಹುದೂರ ಹರಿದು, ಮಲ್ಪೆಯಲ್ಲಿ ಅಳಿವೆಯಾಗಿ ತೆರೆದುಕೊಳ್ಳುತ್ತದೆ. ಈ ವಕ್ರಗತಿಯಿಂದಾಗಿ ತೆರೆಗಳ ಹೊಡೆತಕ್ಕೆ ಸಿಕ್ಕದ ಪ್ರಶಾಂತವಾದ ಜಲಭಾಗವೊಂದು ದೊರೆತುದೇ, ಉಡುಪಿಗೆ ಪಶ್ಚಿಮದಲ್ಲಿ ಸುಮಾರು 6 ಕಿಲೋಮೀಟರು ದೂರದ ಈ ಊರು ಕರ್ನಾಟಕದ ಪ್ರಮುಖ ಮೀನುಗಾರಿಕಾ ಬಂದರಾಗಿ ಬೆಳೆಯುವುದಕ್ಕೆ ಪ್ರಕೃತಿಯು ಕೊಟ್ಟ ಅನುಕೂಲ. ಐಸ್ ಕಾರ್ಖಾನೆ, ಶೀತಲಗೃಹ, ಒಣಮೀನಿನ ಅಂಗಳ, ಮೀನೆಣ್ಣೆ ಮತ್ತು ಮೀನುಹುಡಿಯ ಘಟಕಗಳೆಲ್ಲ ಈ ಧಕ್ಕೆಯನ್ನು ಆಶ್ರಯಿಸಿಯೇ ಹುಟ್ಟಿಕೊಂಡವು. ಇವುಗಳ ಕಾರ್ಯ ಬೇರೆಬೇರೆಯಾಗಿ ತೋರಿದರೂ ಉದ್ದೇಶವು ಒಂದೇ: ಸತ್ತ ಜೀವಿಯ ಮಾಂಸವು ಕೊಳೆಯುವುದನ್ನು ತಡೆಯುವುದು, ತಡೆಯಲಾಗದಲ್ಲಿ ತಡಮಾಡಿಸುವುದು.

ಈ ಸಮಸ್ಯೆ ಮಲ್ಪೆಯದು ಮಾತ್ರವಲ್ಲ. ದಕ್ಷಿಣ ಅಮೆರಿಕದ ಉರುಗ್ವೇ ನದಿಯ ದಡದಲ್ಲಿ ಫ್ರೈ ಬೆಂಟೋಸ್ ಎಂಬ ಬಂದರು ಪಟ್ಟಣವಿದೆ. ಆ ಸೀಮೆಯಲ್ಲಿ ಹಿಂದೆ ದನಗಳನ್ನು ಮುಖ್ಯವಾಗಿ ಚರ್ಮ ಮತ್ತು ಕೊಬ್ಬಿಗಾಗಿ ಕೊಲ್ಲುತ್ತಿದ್ದರು. ಯೂರೋಪಿನವರೆಗೆ ಕೆಡದಂತೆ ಸಾಗಿಸುವ ಉಪಾಯವಿಲ್ಲದ ಕಾರಣ ಮಾಂಸದ ಬಹುಭಾಗ ವ್ಯರ್ಥವಾಗುತ್ತಿತ್ತು. ಜರ್ಮನಿಯ ರಸಾಯನವಿಜ್ಞಾನಿ ಲೀಬಿಗ್ ಪ್ರಕಟಿಸಿದ್ದ ವಿಧಾನವನ್ನು ಅನುಸರಿಸಿ ಮಾಂಸವನ್ನು ಕುದಿಸಿ ಗಟ್ಟಿಸಾರವನ್ನಾಗಿ ಬತ್ತಿಸಲು 1865ರಲ್ಲಿ ಒಂದು ಕಂಪನಿ ಸ್ಥಾಪಿತವಾಯಿತು. ಒಂದು ಕಿಲೋ ಸಾರಕ್ಕೆ ಸುಮಾರು 30 ಕಿಲೋ ಮಾಂಸ ಬೇಕಾಗುತ್ತಿತ್ತು. ರುಚಿಯೇನೋ ಸಾರದಲ್ಲಿ ಉಳಿಯಿತು. ಆದರೆ ಪುಷ್ಟಿಯನ್ನೀಯುವ ಪ್ರೋಟೀನು ಬಹುಮಟ್ಟಿಗೆ ಹೊರಗೆ ತೆಗೆದ ಚರಟದಲ್ಲಿಯೇ ನಿಂತುಹೋಗಿತ್ತೆಂಬುದು ಆಮೇಲೆ ತಿಳಿದುಬಂದಿತು. 1979ರಲ್ಲಿ ಮುಚ್ಚಿದ ಆ ಕಾರ್ಖಾನೆಯ ಆವರಣವನ್ನು ಯುನೆಸ್ಕೋ ಸಂಸ್ಥೆಯು 2015ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸಂಸ್ಕರಣೆಯಿಂದ ಯಾವುದು ಉಳಿಯಿತು, ಯಾವುದು ಕಳೆಯಿತು ಎಂಬ ಪ್ರಶ್ನೆಯನ್ನು ಮಲ್ಪೆಯ ವಿಷಯದಲ್ಲಿಯೂ ಕೇಳತಕ್ಕದ್ದೇ ಸರಿ.

ಮೀನು ಬಲೆಯಲ್ಲಿ ಪ್ರಾಣಬಿಟ್ಟ ಮಾತ್ರಕ್ಕೆ ಅದರ ದೇಹದ ವ್ಯಾಪಾರಗಳೆಲ್ಲ ಒಮ್ಮೆಗೇ ನಿಲ್ಲುವುದಿಲ್ಲ. ಸ್ನಾಯುಗಳಿಗೆ ಶಕ್ತಿಯನ್ನು ಒದಗಿಸುತ್ತಿದ್ದ ಎಟಿಪಿ ಎಂಬ ದ್ರವ್ಯವು ಕ್ಷಯಿಸಿದಂತೆ ದೇಹ ಸೆಟೆದುಕೊಳ್ಳುತ್ತದೆ. ಅದೇ ದ್ರವ್ಯವು ಒಡೆಯುತ್ತ ಹೋಗಿ ಮೊದಲು ಹೊಸಮೀನಿನ ಸವಿಗೆ ಕಾರಣವಾದ ಐನೊಸಿನಿಕ್ ಆಮ್ಲವಾಗುತ್ತದೆ, ಅನಂತರ ಕಹಿಗೆ ಕಾರಣವಾದ ಹೈಪೊಕ್ಸಾಂಥೀನ್ ಆಗುತ್ತದೆ. ಇತ್ತ ಜಠರದ ಪಾಚಕರಸಗಳು ಆಹಾರವನ್ನು ಜೀರ್ಣಿಸುವ ಕಾಯಕವನ್ನು ಬಿಡದೆ, ತಮ್ಮನ್ನು ಹೊತ್ತ ಹೊಟ್ಟೆಯ ಗೋಡೆಯನ್ನೇ ಕರಗಿಸತೊಡಗುತ್ತವೆ. ಮೇವನ್ನು ತುಂಬಿಕೊಂಡಿರುವಾಗ ಸಿಕ್ಕಿದ ಬೂತಾಯಿಯು ಐಸ್ ಇಲ್ಲದೆ ಕೆಲವು ಗಂಟೆ ಬಿದ್ದಿದ್ದರೆ ಹೊಟ್ಟೆಯೊಡೆದು ಕರುಳು ಹೊರಬೀಳುವುದು ಈ ಕಾರಣದಿಂದ.

ಪಾಚಕರಸಗಳ ಬೆನ್ನಹಿಂದೆಯೇ ಬ್ಯಾಕ್ಟೀರಿಯಗಳು ಬರುತ್ತವೆ. ಉಪ್ಪುನೀರಿನಲ್ಲಿ ಬಾಳುವ ಮೀನುಗಳು ದೇಹದೊಳಗಿನ ದ್ರವದ ಸಮತೋಲವನ್ನು ಕಾಯ್ದುಕೊಳ್ಳಲು ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ವಾಸನೆಯಿಲ್ಲದ ವಸ್ತುವನ್ನು ಸ್ನಾಯುಗಳಲ್ಲಿ ಇರಿಸಿಕೊಂಡಿರುತ್ತವೆ. ಬ್ಯಾಕ್ಟೀರಿಯಗಳು ಅದರಿಂದ ಆಮ್ಲಜನಕವನ್ನು ಕಿತ್ತುಕೊಂಡಾಗ ಉಳಿಯುವ ಟ್ರೈಮೀಥೈಲಮೀನೇ ಹಳಸಿದ ಮೀನಿನ ಆ ಸುಪರಿಚಿತ ದುರ್ವಾಸನೆ. ಇದು ಕ್ಷಾರಸ್ವಭಾವದ್ದಾದುದರಿಂದ ಹುಳಿಯೊಡನೆ ಕೂಡಿ ಆವಿಯಾಗದ ಲವಣವಾಗಿ ಪರಿಣಮಿಸುತ್ತದೆ. ಪುಳಿಮುಂಚಿಗೆ ಹುಣಿಸೆಯನ್ನು ಧಾರಾಳವಾಗಿ ಹಾಕುವ ನಮ್ಮ ಕರಾವಳಿಯ ಅಡುಗೆಯವರು ರಸಾಯನಶಾಸ್ತ್ರದ ಈ ಸೂತ್ರವನ್ನು ಓದದೆಯೇ ಬಳಕೆಗೆ ತಂದಿದ್ದಾರೆ. ಆದರೆ ವಾಸನೆ ಅಡಗಿದೊಡನೆ ದೋಷವೂ ಅಡಗಿತೆಂದು ಬಗೆಯಲಾಗದು. ಬಂಗುಡೆ, ಬೂತಾಯಿ, ಕೇದಾರದಂತಹ ಮೀನುಗಳ ಮಾಂಸದಲ್ಲಿ ಹಿಸ್ಟಿಡೀನ್ ಹೇರಳವಾಗಿದ್ದು, ಬೆಚ್ಚಗಿನ ಹವೆಯಲ್ಲಿ ಕೆಲವು ಬ್ಯಾಕ್ಟೀರಿಯಗಳು ಅದನ್ನು ಹಿಸ್ಟಮೀನ್ ಆಗಿ ಮಾರ್ಪಡಿಸುತ್ತವೆ. ಮುಖ ಕೆಂಪಾಗಿ, ತಲೆ ಸಿಡಿದು, ಮೈ ತುರಿಸುವಂತೆ ಮಾಡುವ ಈ ವಿಷವು ಒಮ್ಮೆ ಉಂಟಾದ ಬಳಿಕ ಎಷ್ಟು ಕುದಿಸಿದರೂ ನಾಶವಾಗುವುದಿಲ್ಲ.

ಆದಕಾರಣ ಮತ್ಸ್ಯಸಂಸ್ಕರಣೆಯ ಆದಿಯಲ್ಲಿ ನಿಲ್ಲುವುದು ಹಿಮ. ಧಕ್ಕೆಯಲ್ಲಿ ಬೋಟು ಹೊರಡುವ ಮುನ್ನ ನಡೆಯುವ ಕಾರ್ಯವನ್ನು ಸಮೀಪದಿಂದ ನೋಡಬೇಕು. ಅಮೋನಿಯದಿಂದ ಶೂನ್ಯಕ್ಕಿಂತ ಹಲವು ಡಿಗ್ರಿ ಕೆಳಕ್ಕೆ ತಣಿಸಿದ ಉಪ್ಪುನೀರಿನ ತೊಟ್ಟಿಯಲ್ಲಿ ತಗಡಿನ ಡಬ್ಬಗಳನ್ನು ಮುಳುಗಿಸಿ ಹೆಪ್ಪುಗಟ್ಟಿಸಿದ ಐಸಿನ ದಿಮ್ಮಿಗಳು ಯಂತ್ರದ ಹಲ್ಲಿಗೆ ಸಿಕ್ಕಿ ಪುಡಿಯಾಗಿ, ಜಾರುಕೊಳವೆಯ ಮೂಲಕ ಬೋಟಿನ ಹೊಟ್ಟೆಯೊಳಗೆ ಭೋರೆಂದು ಸುರಿಯುತ್ತವೆ. ಕೆಳಗೆ ನಿಂತ ಕಲಾಸಿಗಳು ಅದನ್ನು ಸಲಿಕೆಯಿಂದ ಮೂಲೆಮೂಲೆಗೂ ಹರಡುತ್ತಾರೆ. ಇದರ ಲೆಕ್ಕವು ಸ್ವಾರಸ್ಯವಾದುದು. ಒಂದು ಕಿಲೋ ಮಂಜು ಕರಗುವಾಗ 80 ಕಿಲೋಕ್ಯಾಲೊರಿ ಉಷ್ಣವನ್ನು ಹೀರಿಕೊಳ್ಳುತ್ತದೆ. 28 ಡಿಗ್ರಿ ಸೆಲ್ಸಿಯಸ್‌ನ ಕಡಲಿನಿಂದ ಬಂದ 3 ಕಿಲೋ ಮೀನನ್ನು ಶೂನ್ಯಕ್ಕೆ ತರಲು ತೆಗೆಯಬೇಕಾದ ಉಷ್ಣವು ಸುಮಾರು 70 ಕಿಲೋಕ್ಯಾಲೊರಿ ಮಾತ್ರ. ಹೀಗೆ ನೋಡಿದರೆ ಮೂರು ಪಾಲು ಮೀನಿಗೆ ಒಂದು ಪಾಲು ಮಂಜು ಸಾಲಬೇಕು. ಆದರೆ ಬಿಸಿಲು, ಎಂಜಿನಿನ ಶಾಖ ಮತ್ತು ಬೋಟಿನ ಗೋಡೆಗಳ ಮೂಲಕ ನುಸುಳುವ ಉಷ್ಣವು ಮಂಜನ್ನು ಸದಾ ಕರಗಿಸುತ್ತಿರುವುದರಿಂದ, ದೀರ್ಘಪ್ರಯಾಣದಲ್ಲಿ ಸಮಸಮ ತೂಕವನ್ನು ಬಳಸುವುದೇ ಕ್ಷೇಮ. ನಮ್ಮ ಉಷ್ಣವಲಯದ ಮೀನಿನ ಮೇಲಿರುವ ಬ್ಯಾಕ್ಟೀರಿಯಗಳು ಬೆಚ್ಚಗಿನ ನೀರಿಗೆ ಒಗ್ಗಿದವುಗಳಾಗಿರುವುದರಿಂದ ಚಳಿಗೆ ಬೇಗನೆ ಸೋಲುತ್ತವೆ. ಶೀತಕಡಲಿನ ಮೀನಿಗಿಂತ ನಮ್ಮದು ಮಂಜಿನಲ್ಲಿ ಸಾಮಾನ್ಯವಾಗಿ ಹೆಚ್ಚು ದಿನ ತಾಳುತ್ತದೆ.

ಉಳಿದ ವಿಧಾನಗಳನ್ನು ಸಂಕ್ಷೇಪವಾಗಿ ಹೇಳಬಹುದು. ಸಾವಕಾಶವಾಗಿ ಹೆಪ್ಪುಗಟ್ಟಿದ ಮೀನಿನಲ್ಲಿ ದೊಡ್ಡ ಹಿಮಸ್ಫಟಿಕಗಳು ಬೆಳೆದು ಜೀವಕೋಶಗಳನ್ನು ಹರಿಯುವುದರಿಂದ, ರಫ್ತಿನ ಮೀನನ್ನು ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿ ಶೀಘ್ರವಾಗಿ ಘನೀಕರಿಸಿ, 18 ಡಿಗ್ರಿ ಕೆಳಗೆ ಕಾಪಿಡುತ್ತಾರೆ. ಉಪ್ಪು ಮತ್ತು ಬಿಸಿಲು ಸೂಕ್ಷ್ಮಜೀವಿಗಳಿಗೆ ಬೇಕಾದ ನೀರನ್ನೇ ಕಸಿದುಕೊಳ್ಳುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯದ ಮಳೆಗಾಲದಲ್ಲಿ, ಆಟಿಯ ಊಟಕ್ಕೆ ಒಣಮೀನು ಒದಗುವುದು ಈ ಪ್ರಾಚೀನ ವಿದ್ಯೆಯಿಂದ. ಕಟ್ಟಕಡೆಯದು ಮೀನುಹುಡಿ: ಮೀನನ್ನು ಬೇಯಿಸಿ, ಹಿಂಡಿ, ಎಣ್ಣೆಯನ್ನು ಬೇರ್ಪಡಿಸಿ, ಹಿಂಡಿಯನ್ನು ಒಣಗಿಸಿ ಪುಡಿಮಾಡಿದರೆ ಕೋಳಿಗೂ ಸಿಗಡಿಗೂ ಮೇವಾಗುತ್ತದೆ. ಒಂದು ಟನ್ನು ಹುಡಿಗೆ ನಾಲ್ಕೈದು ಟನ್ನು ಮೀನು ಬೇಕು. ಕಾರ್ಖಾನೆಯಲ್ಲಿ ಉಳಿದ ತಲೆ, ಮುಳ್ಳು, ಕರುಳುಗಳು ಹುಡಿಯಾಗುವುದು ಸದುಪಯೋಗವೆನ್ನಬಹುದು. ಮನುಷ್ಯನು ತಿನ್ನಬಹುದಾಗಿದ್ದ ಮೀನು ಐಸಿನ ಜಿಪುಣತನದಿಂದ ಮೆತ್ತಗಾಗಿ ಹುಡಿಯ ಪಾಲಾಗುವುದು ನಷ್ಟವೇ ಹೊರತು ಉದ್ಯಮವಲ್ಲ.

ಯಾವ ಯಂತ್ರವೂ ಮೀನಿಗೆ ಹೊಸದಾಗಿ ಗುಣವನ್ನು ತುಂಬಲಾರದು. ಇರುವ ಗುಣವನ್ನು ಕಾಯಬಲ್ಲುದು, ಅಷ್ಟೇ. ಬೋಟಿನ ಮೇಲಿನ ಮೊದಲ ಗಂಟೆಗಳಲ್ಲಿ ಕಳೆದುಹೋದುದನ್ನು ದಡದ ಮೇಲಿನ ಕೋಟಿ ರೂಪಾಯಿಯ ಶೀತಲಗೃಹವು ಮರಳಿ ತರಲಾರದೆಂಬುದನ್ನು ತಾಂಡೇಲನಷ್ಟೇ ಗ್ರಾಹಕನೂ ಅರಿತಿರಬೇಕು. ಮಲ್ಪೆಯ ಮೀನು ಕಾಪುವಿನ ಪೇಟೆಗೂ ಮಣಿಪಾಲದ ಭೋಜನಗೃಹಗಳಿಗೂ ಕಾರ್ಕಳದ ಮಾರುಕಟ್ಟೆಗೂ ಬಿಸಿಲಿನಲ್ಲಿ ಪಯಣಿಸಿಯೇ ಬರುತ್ತದೆ. ಆದುದರಿಂದ ವಾಚಕರು ಮೀನು ಕೊಳ್ಳುವಾಗ ಕ್ರಯವನ್ನು ವಿಚಾರಿಸುವ ಮೊದಲು ಬುಟ್ಟಿಯಲ್ಲಿ ಐಸ್ ಇದೆಯೇ, ಕಣ್ಣು ಉಬ್ಬಿ ತಿಳಿಯಾಗಿದೆಯೇ, ಕಿವಿರು ಕೆಂಪಾಗಿದೆಯೇ, ಬೆರಳೊತ್ತಿದ ಗುಳಿ ಮರಳಿ ತುಂಬುತ್ತದೆಯೇ ಎಂದು ನೋಡಿರಿ. ಐಸಿಗಾಗಿ ಮಾರುವಾಕೆಯು ನಾಲ್ಕು ಕಾಸು ಹೆಚ್ಚು ಕೇಳಿದರೆ ಚೌಕಾಶಿ ಮಾಡದೆ ಕೊಡಿರಿ.